ಎಲೆಯ ಹಳದಿ, ಕಣ್ಣಿನ ಹಳದಿ

ಒಂದು ಹಿಡಿ ಪಾಲಕ್ ಎಲೆಯನ್ನು ನುಣ್ಣಗೆ ಅರೆದು, ಮುಳುಗುವಷ್ಟು ಸ್ಪಿರಿಟ್ ಸುರಿದು ಅರ್ಧ ಗಂಟೆ ಮುಚ್ಚಿಡಿ. ಗಾಯ ಒರೆಸಲು ಬಳಸುವ ಸ್ಪಿರಿಟ್ ಸಾಕು, ಆದರೆ ಹತ್ತಿರದಲ್ಲಿ ಬೆಂಕಿ ಇರಬಾರದು. ಕಡುಹಸಿರು ದ್ರವವನ್ನು ಸೋಸಿ ಲೋಟದ ತಳದಲ್ಲಿ ಬೆರಳಗಲದಷ್ಟು ಹಾಕಿಕೊಂಡು, ಸೋಸುವ ಕಾಗದದ ಒಂದು ಪಟ್ಟಿಯನ್ನು ತುದಿ ಮಾತ್ರ ಅದ್ದುವಂತೆ ನೇತುಹಾಕಿ. ಸ್ಪಿರಿಟ್ ಕಾಗದವನ್ನು ಏರುತ್ತಾ ಬಣ್ಣವನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಮೊದಮೊದಲು ಕಾಣುವುದು ಹಸಿರೊಂದೇ. ಸ್ವಲ್ಪ ಹೊತ್ತು ಕಾದರೆ ಆ ಹಸಿರಿಗಿಂತ ಮುಂದೆ, ಕಾಗದದ ಒಣ ಭಾಗದ ಕಡೆಗೆ, ತೆಳುವಾದ ಹಳದಿ ಅಂಚೊಂದು ಬೇರೆಯಾಗತೊಡಗುತ್ತದೆ. ನಾನು ಇದನ್ನು ಮೊದಲ ಸಲ ಮಾಡಿದಾಗ ಕಾಗದವನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದ್ದೆ. ಅಷ್ಟು ಹಸಿರಾದ ಎಲೆಯೊಳಗೆ ಇಷ್ಟು ಹಳದಿ ಎಲ್ಲಿತ್ತು ಎಂಬ ಬೆರಗು ಇಂದಿಗೂ ಹೋಗಿಲ್ಲ.

ಆ ಹಳದಿಯಲ್ಲಿ ದೊಡ್ಡ ಪಾಲು ಲ್ಯೂಟಿನ್ ಎಂಬ ವರ್ಣದ್ರವ್ಯದ್ದು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ-ಕ್ಯಾರೊಟಿನ್, ಟೊಮೆಟೊಗೆ ಬಣ್ಣ ಕೊಡುವ ಲೈಕೊಪಿನ್ ಇವೆಲ್ಲ ಸೇರಿರುವ ಕ್ಯಾರೊಟಿನಾಯ್ಡ್ ಎಂಬ ದೊಡ್ಡ ಕುಟುಂಬಕ್ಕೆ ಇದೂ ಸೇರಿದೆ. ಹಸಿರೆಲೆಯಲ್ಲಿರುವ ಕ್ಯಾರೊಟಿನಾಯ್ಡ್‌ಗಳ ಪೈಕಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಲ್ಯೂಟಿನ್. ಎಲೆಯಲ್ಲಿ ಅದು ನಮಗೆ ಕಾಣದಿರಲು ಕಾರಣ ಸರಳ: ಪತ್ರಹರಿತ್ತಿನ ಪ್ರಮಾಣವೂ ಗಾಢತೆಯೂ ಹಳದಿಯನ್ನು ಪೂರ್ತಿ ಮುಚ್ಚಿಬಿಡುತ್ತವೆ. ಎಲೆ ಉದುರುವ ಮೊದಲು ಗಿಡ ಪತ್ರಹರಿತ್ತನ್ನು ಕಳಚಿ ಎಲೆಯ ಪ್ರೋಟೀನುಗಳಲ್ಲಿನ ಸಾರಜನಕವನ್ನೂ ಉಳಿದ ಪೋಷಕಗಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಆಗ ಅಲ್ಲೇ ಇದ್ದ ಹಳದಿ ಹೊರಗೆ ಕಾಣಿಸುತ್ತದೆ. ಹಣ್ಣೆಲೆಯ ಹಳದಿ ಹೊಸದಾಗಿ ಬಂದ ಬಣ್ಣವಲ್ಲ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1837ರಲ್ಲಿ ಇಂಥ ಎಲೆಗಳ ಹಳದಿಗೆ ಗ್ರೀಕ್‌ನಿಂದ ಪದ ಎತ್ತಿಕೊಂಡು ಕ್ಸಾಂಥೊಫಿಲ್, ಅಂದರೆ 'ಹಳದಿ ಎಲೆ' ಎಂದು ಹೆಸರಿಟ್ಟ. ಲ್ಯೂಟಿನ್ ಸೇರಿದ ಉಪಗುಂಪಿಗೆ ಇಂದಿಗೂ ಅದೇ ಹೆಸರು.

ಮೇಲೆ ಹೇಳಿದ ಕಾಗದದ ಪ್ರಯೋಗಕ್ಕೂ ಒಂದು ಹಿನ್ನೆಲೆಯಿದೆ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ಸ್ವೆಟ್ 20ನೇ ಶತಮಾನದ ಆರಂಭದಲ್ಲಿ ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯ ಮೂಲಕ ಇಳಿಬಿಟ್ಟು, ಹಸಿರು ಮತ್ತು ಹಳದಿ ಪಟ್ಟೆಗಳು ಒಂದರ ಕೆಳಗೊಂದು ಬೇರೆಯಾಗುವುದನ್ನು ತೋರಿಸಿದ. 1906ರಲ್ಲಿ ಆ ವಿಧಾನಕ್ಕೆ ಕ್ರೊಮ್ಯಾಟೋಗ್ರಫಿ ಎಂದು ಹೆಸರಿಟ್ಟ. ರಷ್ಯನ್ ಭಾಷೆಯಲ್ಲಿ 'ಟ್ಸ್ವೆಟ್' ಎಂದರೆ ಬಣ್ಣ ಎಂದೇ ಅರ್ಥ. ಇಂದು ಔಷಧ, ಕೀಟನಾಶಕ, ರಕ್ತ ಇವುಗಳ ಪರೀಕ್ಷೆಗೆಲ್ಲ ಬಳಕೆಯಾಗುವ ಈ ತಂತ್ರ ಹುಟ್ಟಿದ್ದು ಎಲೆಯ ಹಳದಿಯನ್ನು ಹಸಿರಿನಿಂದ ಬಿಡಿಸುವ ಹಟದಲ್ಲಿ.

ಲ್ಯೂಟಿನ್ ಎಂಬ ಹೆಸರಿನ ವಿಷಯದಲ್ಲಿ ಒಂದು ಎಚ್ಚರ ಬೇಕು. ಲ್ಯಾಟಿನ್‌ನಲ್ಲಿ 'ಲುಟಿಯಸ್' ಎಂದರೆ ಹಳದಿ. ಆ ಪದದ ಬೇರು ಯುರೋಪಿನಲ್ಲಿ ಬಟ್ಟೆಗೆ ಬಣ್ಣ ಹಾಕಲು ಬೆಳೆಯುತ್ತಿದ್ದ ವೆಲ್ಡ್ ಎಂಬ ಗಿಡದ ಹಳೆಯ ಹೆಸರಿನಲ್ಲಿದೆ. ಆದರೆ ವೆಲ್ಡ್ ಗಿಡದ ಹಳದಿ ಲ್ಯೂಟಿನ್ ಅಲ್ಲವೇ ಅಲ್ಲ. ಅದು ಲ್ಯೂಟಿಯೋಲಿನ್, ಫ್ಲೇವನಾಯ್ಡ್ ಎಂಬ ಬೇರೆಯೇ ಕುಟುಂಬದ್ದು. ಅರಿಶಿನದ ಕರ್ಕ್ಯುಮಿನ್ ಇವೆರಡಕ್ಕೂ ಸೇರದ ಮೂರನೆಯದು. ಕಣ್ಣಿಗೆ ಮೂರೂ ಹಳದಿ, ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಮೂರಕ್ಕೂ ಸಂಬಂಧವಿಲ್ಲ. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ, ಲ್ಯೂಟಿನ್ ಹಾಗೆ ಬಣ್ಣ ಬದಲಿಸುವುದಿಲ್ಲ. ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸುವ ಬರಹಗಳು ಬಹಳ ಓಡಾಡುತ್ತಿರುವುದರಿಂದ ಇಷ್ಟು ಹೇಳಬೇಕಾಯಿತು.

ಹಾಗಾದರೆ ಅದು ಹಳದಿಯಾಗಿ ಏಕೆ ಕಾಣುತ್ತದೆ? ಲ್ಯೂಟಿನ್ ಅಣುವಿನಲ್ಲಿ 40 ಇಂಗಾಲ, 56 ಜಲಜನಕ, 2 ಆಮ್ಲಜನಕದ ಪರಮಾಣುಗಳಿವೆ. ಆಕಾರದಲ್ಲಿ ಅದು ಎರಡೂ ತುದಿಯಲ್ಲಿ ಒಂದೊಂದು ಉಂಗುರ ಸಿಕ್ಕಿಸಿದ ಉದ್ದ ಸರಪಳಿ. ಸರಪಳಿಯುದ್ದಕ್ಕೂ ಒಂದು ಬಿಟ್ಟು ಒಂದರಂತೆ ದ್ವಿಬಂಧಗಳಿವೆ, ಒಟ್ಟು 10 ದ್ವಿಬಂಧಗಳು ಬಿಡುವಿಲ್ಲದ ಒಂದೇ ಸಾಲಿನಲ್ಲಿ. ಹೀಗೆ ಸಾಲುಗಟ್ಟಿದಾಗ ಎಲೆಕ್ಟ್ರಾನುಗಳು ಒಂದೇ ಬಂಧಕ್ಕೆ ಅಂಟಿಕೊಳ್ಳದೆ ಸರಪಳಿಯ ಉದ್ದಕ್ಕೂ ಹರಡಿಕೊಳ್ಳುತ್ತವೆ. ಸಾಲು ಉದ್ದವಾದಷ್ಟೂ ಅವುಗಳನ್ನು ಮೇಲಿನ ಮಟ್ಟಕ್ಕೆ ಎತ್ತಲು ಬೇಕಾದ ಶಕ್ತಿ ಕಡಿಮೆಯಾಗುತ್ತದೆ. ಸಾಲು ಗಿಡ್ಡವಿದ್ದರೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣವಷ್ಟೇ ಆ ಕೆಲಸ ಮಾಡಬಲ್ಲುದು, ಆಗ ವಸ್ತುವಿಗೆ ಬಣ್ಣವೇ ಇರುವುದಿಲ್ಲ. ಲ್ಯೂಟಿನ್‌ನ ಸಾಲಿಗೆ ಒಪ್ಪುವುದು ಸುಮಾರು 445 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕು. ಬಿಳಿ ಬೆಳಕಿನಿಂದ ನೀಲಿಯನ್ನು ಕಳೆದರೆ ಉಳಿಯುವುದು ಹಳದಿ. ಇದರ ಹತ್ತಿರದ ಬಂಧು ಝಿಯಾಕ್ಸಾಂಥಿನ್, ಮೆಕ್ಕೆಜೋಳದ ಹಳದಿಯಲ್ಲಿ ಹೇರಳವಾಗಿರುವುದು. ಅದರಲ್ಲೂ ಪರಮಾಣುಗಳ ಲೆಕ್ಕ ಅಷ್ಟೇ. ಒಂದು ದ್ವಿಬಂಧ ಮಾತ್ರ ಜಾಗ ಬದಲಿಸಿ ಸಾಲಿಗೆ ಸೇರಿ ಸಂಖ್ಯೆ 11 ಆಗುತ್ತದೆ, ಬಣ್ಣ ತುಸು ಕಿತ್ತಳೆಯ ಕಡೆಗೆ ವಾಲುತ್ತದೆ.

ತುದಿಯ ಎರಡೂ ಉಂಗುರಗಳಲ್ಲಿ ಒಂದೊಂದು ಆಮ್ಲಜನಕ ಕುಳಿತಿರುವುದರಿಂದ ಲ್ಯೂಟಿನ್‌ನಿಂದ ನಮ್ಮ ದೇಹ ವಿಟಮಿನ್ ಎ ತಯಾರಿಸಲಾರದು. ಬೀಟಾ-ಕ್ಯಾರೊಟಿನ್‌ನಿಂದ ತಯಾರಿಸಬಲ್ಲುದು. ಎರಡನ್ನೂ ಸೇರಿಸಿ 'ಕಣ್ಣಿಗೆ ಒಳ್ಳೆಯದು' ಎಂದು ಒಂದೇ ಮಾತಿನಲ್ಲಿ ಮುಗಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ. ಬೀಟಾ-ಕ್ಯಾರೊಟಿನ್ ಇರುಳುಗುರುಡನ್ನು ತಡೆಯುವುದು ವಿಟಮಿನ್ ಎ ಆಗಿ ಮಾರ್ಪಟ್ಟು. ಲ್ಯೂಟಿನ್ ಕೆಲಸ ಮಾಡುವುದು ಲ್ಯೂಟಿನ್ ಆಗಿಯೇ.

ಆ ಕೆಲಸ ಏನೆಂದು ತಿಳಿಯಲು ಮತ್ತೆ ಎಲೆಗೇ ಹೋಗಬೇಕು. ಶಾಲೆಯ ಪಾಠದಲ್ಲಿ ಹಳದಿ ವರ್ಣದ್ರವ್ಯಗಳು ಪತ್ರಹರಿತ್ತಿನ ಸಹಾಯಕರು, ಅದು ಹಿಡಿಯಲಾರದ ಬೆಳಕನ್ನು ಹಿಡಿದುಕೊಡುತ್ತವೆ ಎಂದು ಓದುತ್ತೇವೆ. ಅದು ನಿಜ, ಆದರೆ ಅರ್ಧ ಮಾತ್ರ. ನನ್ನ ಮಟ್ಟಿಗೆ ಉಳಿದರ್ಧವೇ ಹೆಚ್ಚು ಮುಖ್ಯ. ಬಿಸಿಲು ಏರಿದಾಗ ಎಲೆಯ ಮೇಲೆ ಬೀಳುವ ಬೆಳಕು ದ್ಯುತಿಸಂಶ್ಲೇಷಣೆಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಕೆಲಸಕ್ಕೆ ಬಾರದ ಶಕ್ತಿಯನ್ನು ಹೊತ್ತುಕೊಂಡೇ ನಿಂತ ಪತ್ರಹರಿತ್ತಿನ ಅಣು ಅದನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸಿಬಿಡಬಹುದು. ಹಾಗೆ ಕೆರಳಿದ ಆಮ್ಲಜನಕ ಕೈಗೆ ಸಿಕ್ಕ ಕೊಬ್ಬನ್ನೂ ಪ್ರೋಟೀನನ್ನೂ ಕೆಡಿಸುತ್ತಾ ಹೋಗುತ್ತದೆ. ಅದನ್ನು ತಡೆಯಲೆಂದೇ ಎಲೆಯ ಬೆಳಕು ಹಿಡಿಯುವ ಪ್ರೋಟೀನಿನಲ್ಲಿ 14 ಪತ್ರಹರಿತ್ತಿನ ಅಣುಗಳ ನಡುವೆ ಎರಡು ಲ್ಯೂಟಿನ್ ಅಣುಗಳು ಅಡ್ಡಡ್ಡಲಾಗಿ, ಗುಣಾಕಾರದ ಚಿಹ್ನೆಯ ಹಾಗೆ ಕುಳಿತಿವೆ. ಪತ್ರಹರಿತ್ತು ಹೊರಲಾರದ ಶಕ್ತಿಯನ್ನು ಅವು ತಾವು ತೆಗೆದುಕೊಂಡು, ಯಾರಿಗೂ ಹಾನಿಯಾಗದ ಶಾಖವಾಗಿ ಹೊರಬಿಡುತ್ತವೆ. ಮುಂದಿನ ಕ್ಷಣಕ್ಕೆ ಮತ್ತೆ ಸಿದ್ಧವಾಗಿರುತ್ತವೆ. ಬೆಳಕನ್ನೇ ಉಂಡು ಬದುಕುವ ಗಿಡಕ್ಕೆ ಬೆಳಕಿನಿಂದಲೇ ರಕ್ಷಣೆ ಬೇಕು. ಆ ರಕ್ಷಣೆಯ ಬಣ್ಣ ಹಳದಿ.

ಪ್ರಾಣಿಗಳಿಗೆ ಈ ಬಣ್ಣವನ್ನು ತಯಾರಿಸಲು ಬಾರದು. ಕೆಲವು ಗಿಡಹೇನುಗಳು ಶಿಲೀಂಧ್ರದಿಂದ ವಂಶವಾಹಿಗಳನ್ನು ಪಡೆದುಕೊಂಡು ತಾವೇ ಕ್ಯಾರೊಟಿನಾಯ್ಡ್ ತಯಾರಿಸುವುದು 2010ರಲ್ಲಿ ತಿಳಿದುಬಂತು. ಅಂಥ ಅಪರೂಪದ ಜೀವಿಗಳನ್ನು ಬಿಟ್ಟರೆ ಮಿಕ್ಕವರೆಲ್ಲ ಗಿಡದಿಂದಲೋ, ಗಿಡ ತಿಂದವರಿಂದಲೋ ಪಡೆಯಬೇಕು. ಯುರೋಪಿನ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯ ಎದೆ ಹಳದಿ. ಆ ಹಳದಿ ಬಂದದ್ದು ಅದು ತಿಂದ ಹುಳುಗಳಿಂದ, ಹುಳುಗಳಿಗೆ ಬಂದದ್ದು ಅವು ಮೇಯ್ದ ಹಸಿರೆಲೆಯಿಂದ. ಮೊಟ್ಟೆಯ ಹಳದಿಯೂ ಹೀಗೆಯೇ. ಹಳದಿ ಚರ್ಮದ ತಳಿಯ ಕೋಳಿಯ ಕಾಲು ಮೊದಲು ಚೆನ್ನಾಗಿ ಹಳದಿಯಾಗಿರುತ್ತದೆ. ಅದು ಎಡೆಬಿಡದೆ ಮೊಟ್ಟೆಯಿಡುತ್ತಾ ಹೋದರೆ ತಿಂಗಳುಗಳಲ್ಲಿ ಕೊಕ್ಕು ಬಿಳುಚಿಕೊಳ್ಳುತ್ತದೆ, ಆಮೇಲೆ ಕಾಲೂ. ಆಹಾರದಿಂದ ಬಂದ ಬಣ್ಣವೆಲ್ಲ ಚರ್ಮದ ಬದಲು ಮೊಟ್ಟೆಗೆ ಹೋಗುತ್ತಿರುತ್ತದೆ. ಯಾವ ಕೋಳಿ ಚೆನ್ನಾಗಿ ಮೊಟ್ಟೆಯಿಡುತ್ತಿದೆ ಎಂದು ಸಾಕಣೆದಾರರು ಕಾಲು ನೋಡಿ ಹೇಳುವುದು ಇದರ ಆಧಾರದ ಮೇಲೆಯೇ.

ಹಾಗೆಂದು ಗಾಢ ಹಳದಿಯ ಮೊಟ್ಟೆಯೆಲ್ಲ ಹೆಚ್ಚು ಪೌಷ್ಟಿಕ ಎಂದು ತಿಳಿಯಬಾರದು. ಬಣ್ಣ ಹೇಳುವುದು ಕೋಳಿಯ ಆಹಾರದಲ್ಲಿ ಎಷ್ಟು ಕ್ಸಾಂಥೊಫಿಲ್ ಇತ್ತು ಎಂಬುದನ್ನು ಮಾತ್ರ. ಕೋಳಿ ಉದ್ಯಮದಲ್ಲಿ ಬಣ್ಣಗಳನ್ನು ತಿಳಿಯಿಂದ ಗಾಢಕ್ಕೆ ಜೋಡಿಸಿದ ಬೀಸಣಿಗೆಯಂಥ ಅಳತೆಪಟ್ಟಿಯೇ ಇದೆ. ಮೊಟ್ಟೆ ಒಡೆದು ಅದರ ಪಕ್ಕ ಹಿಡಿದು ನೋಡಿ, ಬೇಕಾದ ಬಣ್ಣ ಬರುವಂತೆ ಆಹಾರಕ್ಕೆ ಹಳದಿ ಬೆರೆಸುತ್ತಾರೆ.

ಹಾಗೆ ಬೆರೆಸುವ ಹಳದಿಯ ಮುಖ್ಯ ಮೂಲ ಚೆಂಡು ಹೂವು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲದ ಗಿಡವಾದರೂ ಅದು ಇಂಗ್ಲಿಷಿನಲ್ಲಿ ಆಫ್ರಿಕನ್ ಮಾರಿಗೋಲ್ಡ್ ಎಂಬ ತಪ್ಪು ಹೆಸರು ಹೊತ್ತುಕೊಂಡಿದೆ. ಎಲೆಯಲ್ಲೇ ಲ್ಯೂಟಿನ್ ಇರುವಾಗ ಹೂವು ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಎಲೆಯಿಂದ ತೆಗೆದರೆ ಪತ್ರಹರಿತ್ತನ್ನು ಬೇರೆ ಮಾಡುವುದೇ ದೊಡ್ಡ ಕೆಲಸವಾಗುತ್ತದೆ. ಚೆಂಡು ಹೂವಿನ ಎಸಳಿನಲ್ಲಿ ಹಸಿರಿಲ್ಲ, ಇರುವ ಕ್ಯಾರೊಟಿನಾಯ್ಡ್‌ನಲ್ಲಿ ಬಹುಪಾಲು ಲ್ಯೂಟಿನ್ನೇ. ಕಿತ್ತಳೆ ಬಣ್ಣದ ಹೂವಿನಲ್ಲಿ ತಿಳಿಹಳದಿಯದಕ್ಕಿಂತ ಬಹಳ ಹೆಚ್ಚು. ಒತ್ತೊತ್ತಾಗಿ ಸೇರಿದಾಗ ಈ ಹಳದಿ ಕಿತ್ತಳೆಯಾಗಿ ಕಾಣುತ್ತದೆ. ಕೊಯ್ದ ಹೂವನ್ನು ಗಾಳಿಯಾಡದಂತೆ ಒತ್ತಿ ಹುದುಗಿಸಿ, ನೀರು ಹಿಂಡಿ, ಒಣಗಿಸಿ, ಗುಳಿಗೆಗಳಾಗಿ ಒತ್ತುತ್ತಾರೆ. ಆಮೇಲೆ ಹೆಕ್ಸೇನ್ ಎಂಬ ದ್ರಾವಕದಿಂದ ಬಣ್ಣವನ್ನು ಇಳಿಸಿಕೊಂಡು ಹೆಕ್ಸೇನನ್ನು ಆವಿಯಾಗಿಸಿ ತೆಗೆಯುತ್ತಾರೆ. ಉಳಿಯುವ ಮಂದವಾದ, ಕೆಂಗಂದು ಬಣ್ಣದ ಅಂಟೇ ಓಲಿಯೋರೆಸಿನ್.

ಹೂವಿನಲ್ಲಿ ಲ್ಯೂಟಿನ್ ಬಿಡಿಯಾಗಿ ಇರುವುದಿಲ್ಲ. ಎರಡೂ ತುದಿಯಲ್ಲಿ ಪಾಲ್ಮಿಟಿಕ್, ಮಿರಿಸ್ಟಿಕ್ ಮುಂತಾದ ಕೊಬ್ಬಿನಾಮ್ಲಗಳನ್ನು ಕಟ್ಟಿಕೊಂಡು ಎಸ್ಟರ್ ರೂಪದಲ್ಲಿರುತ್ತದೆ. ಓಲಿಯೋರೆಸಿನ್‌ಗೆ ಕ್ಷಾರ ಸೇರಿಸಿ ಬಿಸಿ ಮಾಡಿದರೆ, ಸಾಬೂನು ತಯಾರಿಕೆಯಲ್ಲಿ ಆಗುವ ಹಾಗೆ, ಕೊಬ್ಬಿನಾಮ್ಲಗಳು ಕಳಚಿಕೊಂಡು ಬಿಡಿ ಲ್ಯೂಟಿನ್ ಹರಳುಗಟ್ಟುತ್ತದೆ. ಇದು ನೀರಿನಲ್ಲಿ ಕರಗದು, ಎಣ್ಣೆ, ಸ್ಪಿರಿಟ್‌ನಂಥ ದ್ರವಗಳಲ್ಲಿ ಮಾತ್ರ. ಬೆಳಕು, ಬಿಸಿ, ಗಾಳಿ ಮೂರಕ್ಕೂ ಹೆದರುತ್ತದೆ, ಅವುಗಳಿಗೆ ತೆರೆದಿಟ್ಟರೆ ಬಣ್ಣ ಕಳೆದುಕೊಳ್ಳುತ್ತದೆ. ಯುರೋಪಿನ ಆಹಾರ ಬಣ್ಣಗಳ ಪಟ್ಟಿಯಲ್ಲಿ ಇದರ ಸಂಖ್ಯೆ ಇ 161ಬಿ. ಬೇಕರಿ ತಿನಿಸು, ಪಾನೀಯ, ಹಾಲಿನ ಉತ್ಪನ್ನಗಳಲ್ಲಿ ಬಳಸುವಾಗ ಎಣ್ಣೆಯ ಸೂಕ್ಷ್ಮ ಹನಿಗಳಲ್ಲಿಟ್ಟು ನೀರಿಗೆ ಬೆರೆಯುವಂತೆ ಮಾಡಿಕೊಳ್ಳುತ್ತಾರೆ. ಇನ್ನೊಂದು ಮಾತು: ಚೆಂಡು ಹೂವನ್ನು ನೀರಿನಲ್ಲಿ ಕುದಿಸಿ ಬಟ್ಟೆಗೆ ಹಾಕುವ ಹಳದಿ ಲ್ಯೂಟಿನ್‌ನದಲ್ಲ. ಅದು ಅದೇ ಹೂವಿನಲ್ಲಿರುವ, ನೀರಿಗೆ ಇಳಿಯುವ ಫ್ಲೇವನಾಯ್ಡ್‌ಗಳದ್ದು.

ಈಗ ಕಣ್ಣಿಗೆ ಬರೋಣ. ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪರದೆಯಾದ ರೆಟಿನಾದ ನಟ್ಟನಡುವೆ, ಅಡ್ಡಳತೆಯಲ್ಲಿ ಸುಮಾರು 5 ಮಿಲಿಮೀಟರ್‌ನ ಒಂದು ಜಾಗವಿದೆ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಇದರ ಮತ್ತು ಇದರ ನಡುವಿನ ಸಣ್ಣ ಗುಳಿಯ ಬಲದಿಂದ. 18ನೇ ಶತಮಾನದ ಕೊನೆಯಲ್ಲಿ ಕಣ್ಣನ್ನು ಕೊಯ್ದು ನೋಡಿದ ವೈದ್ಯರಿಗೆ ಈ ಜಾಗ ಹಳದಿಯಾಗಿ ಕಂಡದ್ದರಿಂದ ಅದಕ್ಕೆ ಮ್ಯಾಕ್ಯುಲಾ ಲ್ಯೂಟಿಯಾ, ಹಳದಿ ಚುಕ್ಕೆ, ಎಂದು ಹೆಸರಾಯಿತು. ಅದು ನಿಜವಾಗಿ ಜೀವಂತ ಕಣ್ಣಿನ ಬಣ್ಣವೇ, ಸತ್ತ ಮೇಲೆ ಬಂದದ್ದೇ ಎಂಬ ಚರ್ಚೆ ಬಹಳ ಕಾಲ ನಡೆಯಿತು. 1945ರಲ್ಲಿ ಜಾರ್ಜ್ ವಾಲ್ಡ್ ಇದು ಎಲೆಯ ಕ್ಸಾಂಥೊಫಿಲ್ ಇರಬೇಕೆಂದು ತೋರಿಸಿದ. 1985ರಲ್ಲಿ ಅಮೆರಿಕದ ರಿಚರ್ಡ್ ಬೋನ್, ಜಾನ್ ಲ್ಯಾಂಡ್ರಮ್ ಮತ್ತು ಸಂಗಡಿಗರು ಅದು ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್ ಎಂದು ಗುರುತಿಸಿದರು. ಇವುಗಳ ಜೊತೆ ಮೀಸೊ-ಝಿಯಾಕ್ಸಾಂಥಿನ್ ಎಂಬ ಮೂರನೆಯದೂ ಇದೆ, ಅದನ್ನು ಕಣ್ಣು ಲ್ಯೂಟಿನ್‌ನಿಂದಲೇ ಮಾಡಿಕೊಳ್ಳುತ್ತದೆ.

ನಮ್ಮ ಆಹಾರದಲ್ಲಿ ಹತ್ತಾರು ಕ್ಯಾರೊಟಿನಾಯ್ಡ್‌ಗಳಿವೆ, ರಕ್ತದಲ್ಲೂ ಹಲವು ಓಡಾಡುತ್ತವೆ. ಅವುಗಳಲ್ಲಿ ಕಣ್ಣು ಮ್ಯಾಕ್ಯುಲಾಕ್ಕೆ ಆರಿಸಿಕೊಳ್ಳುವುದು ಇವನ್ನು ಮಾತ್ರ, ಅವುಗಳನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನುಗಳೂ ಅಲ್ಲಿವೆ. ದೇಹದ ಬೇರೆಲ್ಲಿಯೂ ಅಷ್ಟು ಸಾಂದ್ರತೆ ಇಲ್ಲ. ನನಗೆ ಈ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ. ರೆಟಿನಾದ ಕಷ್ಟವೂ ಎಲೆಯ ಕಷ್ಟವೂ ಒಂದೇ: ದಿನವಿಡೀ ಬೆಳಕು ಬೀಳಬೇಕು, ಆಮ್ಲಜನಕ ಧಾರಾಳವಾಗಿ ಬೇಕು, ಸುಲಭವಾಗಿ ಕೆಡುವ ಕೊಬ್ಬಿನ ಪೊರೆಗಳು ತುಂಬಿವೆ. ಅದಕ್ಕೆ ಇಬ್ಬರೂ ಹಿಡಿದ ಉಪಾಯವೂ ಒಂದೇ ಅಣು. ಕಣ್ಣಿನಲ್ಲಿ ಅದಕ್ಕೆ ಇನ್ನೊಂದು ಅನುಕೂಲವೂ ಸೇರಿದೆ. ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಹಿಂದಿನ ಪದರದಲ್ಲಿವೆ, ಹಳದಿ ಬಣ್ಣ ಅವುಗಳ ಮುಂದೆ ಇದೆ. ಆದ್ದರಿಂದ ನೀಲಿಯ ಒಂದು ಪಾಲು ಕೋಶಗಳನ್ನು ಮುಟ್ಟುವ ಮೊದಲೇ ಸೋಸಿಹೋಗುತ್ತದೆ. ಕಣ್ಣಿನ ಮಸೂರ ನೀಲಿ ಬೆಳಕನ್ನು ಬೇರೆ ಬಣ್ಣಗಳ ಜೊತೆ ಒಂದೇ ಬಿಂದುವಿಗೆ ತರಲಾರದು, ನೀಲಿ ಹೆಚ್ಚು ಚದುರುತ್ತದೆ ಕೂಡ. ಅದನ್ನು ತಗ್ಗಿಸಿದರೆ ಚಿತ್ರದ ಅಂಚುಗಳ ಮಸುಕು ಕಡಿಮೆಯಾಗುತ್ತದೆ.

ಈ ಹಳದಿಯನ್ನು ಯಾವ ಉಪಕರಣವೂ ಇಲ್ಲದೆ ನಿಮ್ಮ ಕಣ್ಣಿನಲ್ಲೇ ನೋಡಬಹುದು. ಎಲ್‌ಸಿಡಿ ಪರದೆಯ ಮೇಲೆ ಪೂರ್ತಿ ಬಿಳಿ ಪುಟ ತೆರೆದು, ಅದರ ನಡುವೆ ದೃಷ್ಟಿ ನಿಲ್ಲಿಸಿ ತಲೆಯನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ವಾಲಿಸಿ. ನೋಟದ ನಟ್ಟನಡುವೆ, ಕೈ ಚಾಚಿದಾಗ ಎರಡು ಹೆಬ್ಬೆರಳಿನ ಅಗಲದಷ್ಟು ಜಾಗದಲ್ಲಿ, ಸೊಂಟ ಸಣ್ಣಗಾದ ಡಮರುವಿನಂಥ ಮಸುಕು ಹಳದಿ ಆಕೃತಿ ಕಾಣುತ್ತದೆ, ಅದರ ಎರಡೂ ಪಕ್ಕ ತೆಳು ನೀಲಿ. ತಲೆ ವಾಲಿದಂತೆ ಅದು ತಿರುಗುತ್ತದೆ. ಅಲುಗಾಡದೆ ನಿಂತರೆ ಕೆಲವೇ ಕ್ಷಣಗಳಲ್ಲಿ ಮಾಯವಾಗುತ್ತದೆ. ಆಸ್ಟ್ರಿಯಾದ ಖನಿಜವಿಜ್ಞಾನಿ ಹೈಡಿಂಗರ್ 1844ರಲ್ಲಿ ಇದನ್ನು ವಿವರಿಸಿದ್ದರಿಂದ ಇದಕ್ಕೆ ಹೈಡಿಂಗರ್ ಕುಂಚ ಎಂಬ ಹೆಸರಿದೆ. ಪರದೆಯಿಂದ ಹೊರಡುವುದು ಧ್ರುವೀಕೃತ ಬೆಳಕು, ಅದರ ಕಂಪನಕ್ಕೆ ಒಂದೇ ದಿಕ್ಕು. ಮ್ಯಾಕ್ಯುಲಾದ ವರ್ಣದ್ರವ್ಯದ ಅಣುಗಳು ಗುಳಿಯ ಸುತ್ತ ಚಕ್ರದ ಕಡ್ಡಿಗಳಂತೆ ಹರಡಿದ ನಾರುಗಳಲ್ಲಿ ಕ್ರಮವಾಗಿ ಜೋಡಣೆಯಾಗಿವೆ. ಕಂಪನಕ್ಕೆ ಒಗ್ಗಿ ನಿಂತ ಅಣುಗಳು ನೀಲಿಯನ್ನು ಹೆಚ್ಚು ಹೀರುತ್ತವೆ, ಉಳಿದವು ಕಡಿಮೆ. ಆ ವ್ಯತ್ಯಾಸವೇ ಡಮರುವಾಗಿ ಕಾಣುವುದು. ಮೊದಲ ಪ್ರಯತ್ನದಲ್ಲೇ ಎಲ್ಲರಿಗೂ ಕಾಣುವುದಿಲ್ಲ, ತಾಳ್ಮೆ ಬೇಕು.

ಲ್ಯೂಟಿನ್ ಮಾತ್ರೆಗಳ ವಿಷಯಕ್ಕೆ ಬಂದಾಗ ಉತ್ಸಾಹವನ್ನು ಬದಿಗಿಟ್ಟು ಮಾತನಾಡಬೇಕು. ವಯಸ್ಸಾದಂತೆ ಕೆಲವರಲ್ಲಿ ಮ್ಯಾಕ್ಯುಲಾ ಸವೆದು ನೋಟದ ನಡುಭಾಗವೇ ಅಳಿಸುತ್ತಾ ಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ ದೊಡ್ಡ ಪ್ರಯೋಗವೊಂದು, ಮಧ್ಯಮ ಹಂತದ ಕಾಯಿಲೆಯವರಿಗೆ ವಿಟಮಿನ್ ಸಿ, ವಿಟಮಿನ್ ಇ, ಬೀಟಾ-ಕ್ಯಾರೊಟಿನ್, ಸತು ಮತ್ತು ತಾಮ್ರ ಸೇರಿದ ಮಾತ್ರೆ ಕೊಟ್ಟರೆ ಅದು ಮುಂದಿನ ಹಂತಕ್ಕೆ ಹೋಗುವ ಸಂಭವ ಐದು ವರ್ಷಗಳಲ್ಲಿ ಸುಮಾರು ಶೇ 25ರಷ್ಟು ತಗ್ಗುತ್ತದೆ ಎಂದು 2001ರಲ್ಲಿ ತೋರಿಸಿತು. ಆದರೆ ಬೀಟಾ-ಕ್ಯಾರೊಟಿನ್ ಮಾತ್ರೆ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸುವುದು 1990ರ ದಶಕದಲ್ಲೇ ಬೇರೆ ಪ್ರಯೋಗಗಳಲ್ಲಿ ಕಂಡಿತ್ತು. ಹಾಗಾಗಿ ಎರಡನೆಯ ಪ್ರಯೋಗದಲ್ಲಿ 4,000ಕ್ಕೂ ಹೆಚ್ಚು ಜನರ ಮೇಲೆ ದಿನಕ್ಕೆ 10 ಮಿಲಿಗ್ರಾಂ ಲ್ಯೂಟಿನ್, 2 ಮಿಲಿಗ್ರಾಂ ಝಿಯಾಕ್ಸಾಂಥಿನ್ ಪರೀಕ್ಷಿಸಿದರು. 2013ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಹಳೆಯ ಮಾತ್ರೆಗೆ ಲ್ಯೂಟಿನ್ ಸೇರಿಸಿದ್ದರಿಂದ ಒಟ್ಟಾರೆ ಹೆಚ್ಚಿನ ಲಾಭ ಕಾಣಲಿಲ್ಲ. ಬೀಟಾ-ಕ್ಯಾರೊಟಿನ್ ತೆಗೆದು ಆ ಜಾಗದಲ್ಲಿ ಲ್ಯೂಟಿನ್ ಇಟ್ಟರೆ ಮಾತ್ರೆ ಅಷ್ಟೇ ಅಥವಾ ತುಸು ಹೆಚ್ಚೇ ಕೆಲಸ ಮಾಡಿತು, ಕ್ಯಾನ್ಸರಿನ ಭಯವೂ ಇರಲಿಲ್ಲ. ಹತ್ತು ವರ್ಷಗಳ ನಂತರದ, 2022ರ ವರದಿಯೂ ಅದನ್ನೇ ಗಟ್ಟಿಗೊಳಿಸಿತು.

ಇಷ್ಟರಿಂದ ಹೇಳಬಹುದಾದದ್ದು ಸೀಮಿತ, ಆದರೆ ಬೆಲೆಯುಳ್ಳದ್ದು. ಈ ಮಾತ್ರೆ ಕಾಯಿಲೆ ಒಂದು ಹಂತಕ್ಕೆ ಬಂದವರಲ್ಲಿ ಅದರ ನಡಿಗೆಯನ್ನು ನಿಧಾನಗೊಳಿಸುತ್ತದೆ. ಹೋದ ದೃಷ್ಟಿಯನ್ನು ಮರಳಿ ತರುವುದಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಒಟ್ಟಾರೆ ತಪ್ಪಿಸಲಿಲ್ಲ. ಕಾಯಿಲೆಯೇ ಇಲ್ಲದವರಿಗೆ ಅದು ಬಾರದಂತೆ ತಡೆಯುತ್ತದೆ ಎಂಬುದಕ್ಕೆ ಇಂಥ ಪ್ರಯೋಗದ ಬಲವಿಲ್ಲ. 'ಮೊಬೈಲ್ ಪರದೆಯ ನೀಲಿ ಬೆಳಕಿನಿಂದ ಕಾಪಾಡುತ್ತದೆ' ಎಂದು ಮಾರುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಗಲಿನ ಆಕಾಶದಿಂದ ಕಣ್ಣಿಗೆ ಬರುವ ನೀಲಿಯ ಮುಂದೆ ಪರದೆಯದು ಬಹಳ ಕಡಿಮೆ. ಮ್ಯಾಕ್ಯುಲಾದ ತೊಂದರೆ ಇದೆಯೆಂದು ಗೊತ್ತಾದವರು ಮಾತ್ರೆಯ ತೀರ್ಮಾನವನ್ನು ಕಣ್ಣಿನ ವೈದ್ಯರಿಗೇ ಬಿಡಬೇಕು.

ಉಳಿದವರಿಗೆ ತಟ್ಟೆಯೇ ದಾರಿ. 100 ಗ್ರಾಂ ಹಸಿ ಪಾಲಕ್‌ನಲ್ಲಿ ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್ ಸೇರಿ 10 ಮಿಲಿಗ್ರಾಂಗಿಂತ ಹೆಚ್ಚಿದೆ. ಕೇಲ್, ಪಾರ್ಸ್ಲಿ, ಬ್ರೊಕೊಲಿ, ಬಟಾಣಿ, ಮೆಕ್ಕೆಜೋಳ, ಪಿಸ್ತಾಗಳಲ್ಲೂ ಇದೆ. ಒಂದು ಮೊಟ್ಟೆಯ ಹಳದಿಯಲ್ಲಿರುವುದು ಮಿಲಿಗ್ರಾಂನ ಸಣ್ಣ ಭಾಗ ಮಾತ್ರ, ಆದರೆ ಅದು ಕೊಬ್ಬಿನಲ್ಲಿ ಕರಗಿಯೇ ಇರುವುದರಿಂದ ದೇಹ ಚೆನ್ನಾಗಿ ಹೀರಿಕೊಳ್ಳುತ್ತದೆ. ಸೊಪ್ಪಿನದು ಹಾಗಲ್ಲ, ಜೀವಕೋಶದ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ. ಸಣ್ಣಗೆ ಹೆಚ್ಚಿ, ಸ್ವಲ್ಪ ಹೊತ್ತು ಮಾತ್ರ ಬೇಯಿಸಿ, ಜೊತೆಗೆ ಒಂದು ಚಮಚ ಎಣ್ಣೆಯೋ ಬೆಣ್ಣೆಯೋ ಇದ್ದರೆ ಹೆಚ್ಚು ಸಿಗುತ್ತದೆ. ಕೊಬ್ಬಿಲ್ಲದೆ ತಿಂದ ಸೊಪ್ಪಿನ ಲ್ಯೂಟಿನ್‌ನಲ್ಲಿ ಬಹಳಷ್ಟು ಹಾಗೆಯೇ ಹೊರಹೋಗುತ್ತದೆ.

ಮಾತ್ರೆ ಕೊಳ್ಳಲೇಬೇಕಾದವರು ಚೀಟಿಯ ಮೇಲಿನ ಒಂದು ಪದವನ್ನು ಗಮನಿಸಬೇಕು. 'ಲ್ಯೂಟಿನ್ ಎಸ್ಟರ್ 20 ಮಿಲಿಗ್ರಾಂ' ಎಂದಿದ್ದರೆ ಆ ತೂಕದಲ್ಲಿ ಅರ್ಧದಷ್ಟು ಹೂವಿನ ಕೊಬ್ಬಿನಾಮ್ಲದ್ದು, ಕರುಳಿನಲ್ಲಿ ಅದು ಕಳಚಿದ ಮೇಲೆ ಉಳಿಯುವ ಲ್ಯೂಟಿನ್ ಸುಮಾರು 10 ಮಿಲಿಗ್ರಾಂ. 'ಲ್ಯೂಟಿನ್ 10 ಮಿಲಿಗ್ರಾಂ' ಎಂದು ಬರೆದ ಇನ್ನೊಂದು ಡಬ್ಬಿಯಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ.